ಬೈಗುಳ ನಿಂತ ಮನೆಯ ನಾಯಿ

ಶ್ರಾವಣ ಮುಗಿಯುವ ತನಕ ಬಾಯಿ ಬಿಡುವುದಿಲ್ಲವೆಂದು ದೊಡವಾಡದ ಸಿದ್ದಲಿಂಗವ್ವ ಮಠದಲ್ಲಿ ಎಲ್ಲರೆದುರು ಮೌನವ್ರತ ಹಿಡಿದಾಗ, ಅವಳ ಗಂಡ ವೀರಪ್ಪನಿಗೆ ಕುಣಿಯುವುದೊಂದು ಬಾಕಿ. ಮದುವೆಯಾದಾಗಿನಿಂದ ಬೈಸಿಕೊಂಡ ಕಿವಿಗೆ ಅಷ್ಟು ಸುಖ ಬೇಡವೇ? ಒಲೆ ಉರಿಯದಿದ್ದರೆ ಒಲೆಗೆ ಬೈಗುಳ, ಹಾಲು ಉಕ್ಕಿದರೆ ಹಾಲಿಗೆ, ನಡುನಡುವೆ ಗಂಡನಿಗೆ. ಉಳಿದದ್ದೆಲ್ಲ ಕಾಳ್ಯಾ ಎಂಬ ಕರಿನಾಯಿಗೆ.

"ಇಕಿ ಬಾಯಿ ಮುಚ್ಚಿಕೊಂಡ ಇರೂದಾ? ನಾಗರಪಂಚಮಿ ದಾಟಿದ್ರ ಭಾಳಾತು," ಎಂದು ಎದುರುಮನೆಯ ಕೃಷ್ಣವ್ವ ಓಣಿಯ ಹೆಂಗಸರನ್ನೆಲ್ಲ ನಗಿಸಿದಳು. ಅದು ಸಿದ್ದಲಿಂಗವ್ವನ ಕಿವಿಗೆ ಬಿತ್ತು. ಮುಗಿಯಿತಲ್ಲ! ಸತ್ತರೂ ಸೋಲಬಾರದೆಂದು ಹಠ ಹಿಡಿದಳು. ಪಂಚಮಿ ದಾಟಿತು, ಅವಳು ತುಟಿ ಬಿಚ್ಚಲಿಲ್ಲ. ವೀರಪ್ಪ ಕಟ್ಟೆಯ ಮೇಲೆ ಕುಳಿತು ಎಲೆಅಡಿಕೆ ಜಗಿಯುತ್ತ ಗುಬ್ಬಿಗಳ ಚಿಲಿಪಿಲಿ ಕೇಳಿದ. ತನ್ನ ಮನೆಯ ಜಂತಿಯಲ್ಲಿ ಗುಬ್ಬಿಗಳಿವೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ, ಪಾಪ.

ಆದರೆ ಕಾಳ್ಯಾ ಕೆಟ್ಟಿತು. ಮೊದಲು ರೊಟ್ಟಿಯನ್ನು ಮೂಸಿ ಬಿಟ್ಟಿತು, ಆಮೇಲೆ ಮೂಸುವುದನ್ನೂ ಬಿಟ್ಟಿತು. ಜೋಳದ ಚೀಲದ ಹಿಂದೆ ಗೋಡೆಗೆ ಮುಖ ಹಾಕಿ ಮಲಗಿತು. ಬೆಕ್ಕು ಬಾಲ ತುಳಿದು ಹೋದರೂ ಕಣ್ಣು ತೆರೆಯಲಿಲ್ಲ. ಸಿದ್ದಲಿಂಗವ್ವ ಹಾಲಲ್ಲಿ ರೊಟ್ಟಿ ಮುರಿದು ಬಾಯಿಗೆ ಹಿಡಿದು ತಲೆ ಸವರಿದಳು. ಅದು ಗುರುತಿಲ್ಲದವರನ್ನು ನೋಡುವಂತೆ ಅವಳನ್ನು ನೋಡಿ ಇನ್ನಷ್ಟು ಮುದುಡಿಕೊಂಡಿತು.

"ನದರ ಆಗೇತ್ರಿ ಕಾಕಾ," ಎಂದ ಟೆಂಪೋ ಓಡಿಸುವ ಹಜರತಸಾಬ. ವೀರಪ್ಪ ದೃಷ್ಟಿ ತೆಗೆಯಲು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಘಾಟಿಗೆ ಓಣಿಯೆಲ್ಲ ಕೆಮ್ಮಿತು, ನಾಯಿ ಮಿಸುಕಲಿಲ್ಲ. ಕೊನೆಗೆ ಅದೇ ಟೆಂಪೋದಲ್ಲಿ ಹಾಕಿಕೊಂಡು ಬೈಲಹೊಂಗಲದ ದನದ ದವಾಖಾನೆಗೆ ಹೋದರು.

ಡಾಕ್ಟರು ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು. "ಮೈಗೆ ಏನೂ ಆಗಿಲ್ರಿ. ಇದು ಮನಸ್ಸಿಗೆ ಹಚ್ಚಿಕೊಂಡೈತಿ. ಹಿಂಗ ಉಪವಾಸ ಬಿದ್ರ ಉಳಿಯೂದಿಲ್ಲ. ಮನ್ಯಾಗ ಏನರ ಬದಲಾಗೇತೇನು?"

"ಏನೂ ಇಲ್ರೀ ಸಾಹೇಬ್ರ," ಎಂದ ವೀರಪ್ಪ.

ಹೇಳುವಾಗಲೇ ಅವನಿಗೆ ಹೊಳೆದುಬಿಟ್ಟಿತ್ತು. ಆದರೆ ಶ್ರಾವಣ ಇನ್ನೂ ಅರ್ಧ ಬಾಕಿ ಇತ್ತಲ್ಲ! ಕಳ್ಳ, ಗಪ್ಪನೆ ಊರಿಗೆ ಬಂದ.

ಬಂದವನೇ ತಾನೇ ಬೈದು ನೋಡಿದ. "ಭಾಡ್ಯಾ! ಖೋಡಿ! ಏಳ್ತೀಯೋ ಇಲ್ಲೋ?" ಕಾಳ್ಯಾ ಒಂದು ಕಿವಿ ಎತ್ತಿತು, ಬೈದವನು ಯಾರೆಂದು ನೋಡಿತು, ಕಿವಿ ಇಳಿಸಿತು. ಇಷ್ಟು ವರ್ಷ ಬೈಸಿಕೊಂಡರೂ ಬೈಯುವುದನ್ನು ಕಲಿಯಲಿಲ್ಲವಲ್ಲ ಈ ಗಂಡಸು!

ಮರುದಿನ ನಾಯಿ ನೀರನ್ನೂ ಮುಟ್ಟಲಿಲ್ಲ. ವೀರಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗುಳಿದ. ಸುಖ ಹಾಳಾಗಿ ಹೋಗಲಿ ಎಂದು ಹೆಂಡತಿಯ ಮುಂದೆ ಕುಳಿತ. "ಕೇಳಿಲ್ಲಿ. ಅದಕ್ಕ ಜಡ್ಡಿಲ್ಲ. ನೀ ಬೈಯೂದ ಬಿಟ್ಟಿ ಅಂತ ಸಾಯಾಕ ಹತ್ತೇತಿ. ನನಗ ನಿನ್ನೆ ದವಾಖಾನ್ಯಾಗ ಗೊತ್ತಾಗಿತ್ತು, ಹೇಳಲಿಲ್ಲ."

ಸಿದ್ದಲಿಂಗವ್ವ ನಾಯಿಯನ್ನು ನೋಡಿದಳು. ಬಾಗಿಲಾಚೆ ಪಾತ್ರೆ ತಿಕ್ಕುತ್ತಿದ್ದ ಕೃಷ್ಣವ್ವನನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಜೋಳದ ಚೀಲ ಸರಿಸಿ ನಿಂತಳು.

"ಎಲಾ ಭಾಡ್ಯಾ! ಹೆಣಾ ಬಿದ್ದಂಗ ಬಿದ್ದೀಯಲ್ಲೋ! ನಿನ್ನ ಸಲುವಾಗಿ ದೇವರ ಮುಂದ ಸುಳ್ಳಿ ಆದೆ, ಊರ ಮುಂದ ಮಾರಿ ಕಳಕೊಂಡೆ! ಏಳೋ ಮೂಳಾ, ತಿನ್ನು!"

ಬಾಲ ನೆಲಕ್ಕೆ ಬಡಿಯಿತು. ಅವಳು ನಿಲ್ಲಿಸಲಿಲ್ಲ, ಕಣ್ಣೀರು ಒಂದು ಕಡೆ, ಬೈಗುಳ ಒಂದು ಕಡೆ. ಕಾಳ್ಯಾ ತೂರಾಡುತ್ತ ಎದ್ದು ಅವಳ ಕೈಯಲ್ಲಿದ್ದ ರೊಟ್ಟಿಗೆ ಬಾಯಿ ಹಾಕಿತು. ಅದು ನುಂಗಿದ್ದನ್ನು ನೋಡಿದ ಮೇಲೆ ಗಂಡನ ಕಡೆ ತಿರುಗಿದಳು: "ಗೊತ್ತಿದ್ದೂ ಗಪ್ ಇದ್ರೀ? ನಿಮ್ಮ ಜಲ್ಮಕ್ಕಿಷ್ಟು!" ವೀರಪ್ಪ ನಾಯಿಯ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ. ಅವನಿಗೂ ಯಾಕೋ ಹಸಿವಾಯಿತು.

ಓಣಿಯೇ ಬಂದು ಬಾಗಿಲಲ್ಲಿ ನಿಂತಿತ್ತು. ಕೃಷ್ಣವ್ವ ಬೂದಿಗೈಯಲ್ಲೇ ಚಪ್ಪಾಳೆ ತಟ್ಟಿದಳು. "ಸೋತಿ ನೋಡ ಯಕ್ಕಾ!"

"ಹೂಂ, ಸೋತೆ," ಎಂದಳು ಸಿದ್ದಲಿಂಗವ್ವ. "ನಿನ್ನ ಬಾಯಿ ಬಂದಾದ್ರ ಉಪವಾಸ ಬೀಳಾಕ ನಿನ್ನ ಮನ್ಯಾಗ ಒಂದ ನಾಯಿ ಆದ್ರೂ ಐತೇನ?"