ಲ್ಯಾಪ್‌ಟಾಪಿಗೆ ಬಂದ ಜ್ವರ

ಸರಿತಾಳ ಲ್ಯಾಪ್‌ಟಾಪು ಚಳ್ಳಕೆರೆಯಲ್ಲಿ ಬಲು ಸುಸೂತ್ರ, ದೊಡ್ಡಉಳ್ಳಾರ್ತಿಯ ಮನೆಗೆ ಬಂತೋ, ಮೂರ್ಛೆ! ಇದೆಂಥ ಕರ್ಮವೋ ಏನೋ. ಸೀರೆಯ ಅಂಚಿನ ಚಿತ್ತಾರವನ್ನು ಅದರಲ್ಲಿ ಅರ್ಧ ಬಿಡಿಸಿರುತ್ತಾಳೆ, ಒಳಗಿನ ಫ್ಯಾನು ಹುಯ್ಯೋ ಅಂತ ಒದರಿಕೊಳ್ಳುತ್ತದೆ, ಪರದೆ ಕಪ್ಪಾಗುತ್ತದೆ, ಮುಗೀತು ಕತೆ. ಸ್ವಲ್ಪ ಹೊತ್ತು ಸುಮ್ಮನೆ ಬಿದ್ದಿದ್ದು ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಕಣ್ಣು ಬಿಡುತ್ತದೆ. ಬಿಡಿಸಿದ್ದು ಮಾತ್ರ ನೀರುಪಾಲು.

ಬೇರೆ ದಿನವಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದಳು. ಆದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಓಂಕಾರಮೂರ್ತಿ ಶನಿವಾರ ಸಂಜೆಯ ಗಡುವು ಕೊಟ್ಟಿದ್ದರು. ಇಷ್ಟು ದಿನ ಅವಳು ಅವರಿಗೆ ಹಳೆಯ ಸೀರೆಗಳ ಮಾವಿನಕಾಯಿ, ನವಿಲುಗಳನ್ನೇ ನೋಡಿ ನೋಡಿ ಬಿಡಿಸಿ ಕೊಡುತ್ತಿದ್ದಳು. ಈ ಸಲ ಹೇಗೋ ಧೈರ್ಯ ಮಾಡಿ, ನನ್ನದೇ ಒಂದು ಬಿಡಿಸಲಾ ಎಂದು ಕೇಳಿಬಿಟ್ಟಿದ್ದಳು. ಅಂಚಿನುದ್ದಕ್ಕೂ ಉಳ್ಳಾರ್ತಿ ಕಾವಲಿನಲ್ಲಿ ಮೇಯುವ ದನಗಳ ಬಾಗಿದ ಕೊಂಬು, ಒಡಲ ತುಂಬ ಹುಲ್ಲಿನ ತೆನೆಯ ಬುಟ್ಟಾ. "ನೋಡಮ್ಮ, ಶನಿವಾರ ಸಂಜೆಗೆ ಪೂರ್ತಿ ಕಳಿಸು. ಮನಸ್ಸಿಗೆ ಬಂದ್ರೆ ಮಗ್ಗಕ್ಕೇರಿಸ್ತೀನಿ. ಇಲ್ಲಾಂದ್ರೆ ಹಳೇ ಮಾವಿನಕಾಯೇ ಗತಿ," ಅಂದಿದ್ದರು ಅವರು. ಅವತ್ತಿನಿಂದ ಸರಿತಾಳಿಗೆ ಕೂತಲ್ಲಿ ನಿಂತಲ್ಲಿ ಅದೇ ಧ್ಯಾನ.

ಆದರೆ ಮನೆಯಲ್ಲಿ ಇದನ್ನೊಂದು ಕೆಲಸವೆಂದು ಎಣಿಸಿದವರು ಯಾರು? ಗಂಡ ಪ್ರಭು ಒಳ್ಳೆಯವನೇ, ಪಾಪ. ದಿನವಿಡೀ ಗೂಡ್ಸ್ ಆಟೋ ಓಡಿಸಿ ಬಂದು ಮುದ್ದೆ ಮುಂದೆ ಕೂತರೆ ಅವನಿಗೆ ಲೋಕವೇ ಮರೆತುಹೋಗುತ್ತದೆ. ಬಾಯೆಂದರೆ ಅತ್ತೆ ಹುಚ್ಚಕ್ಕನದು. "ಬೆಳಕರದ್ರೆ ಸಾಕು, ಅದರ ಮುಂದೆ ಕುಂತ್ಕಂತಾಳೆ," ಎಂದು ಬೀದಿಗೆಲ್ಲ ಕೇಳುವಂತೆ ಗೊಣಗುವಳು. ಗೊಣಗುತ್ತಲೇ ಸೊಸೆಯ ಪಕ್ಕದಲ್ಲಿ ಒಂದು ಲೋಟ ಟೀ ಇಟ್ಟು ಹೋಗುವಳು. ಸರಿತಾಳ ಕಿವಿಗೆ ಗೊಣಗಾಟ ಬೀಳುತ್ತಿತ್ತು, ಟೀ ಗಂಟಲಿಗೆ ಇಳಿಯುತ್ತಿತ್ತು, ಅಷ್ಟೇ.

ಗುರುವಾರ ಲ್ಯಾಪ್‌ಟಾಪನ್ನು ಚಳ್ಳಕೆರೆಗೆ ಒಯ್ದಳು. ರಿಪೇರಿ ಅಂಗಡಿಯ ಬಾಲರಾಜು ಅದನ್ನು ಗಾಜಿನ ಕೌಂಟರಿನ ಮೇಲಿಟ್ಟು ಮಧ್ಯಾಹ್ನವೆಲ್ಲ ಓಡಿಸಿದ. ಅದು ಹೂವಿನ ಹಾಗೆ ಓಡಿತು. "ಏನೂ ಆಗಿಲ್ಲಕ್ಕ, ಸುಮ್ನೆ ಗಾಬರಿ ಆಗ್ಬೇಡಿ," ಅಂದ. ಮನೆಗೆ ತಂದು ತೆನೆಯ ಸಾಲು ಶುರುಮಾಡಿದಳು. ಹುಯ್ಯೋ! ಕಪ್ಪು! ಸರಿತಾಳಿಗೆ ಅಳುವೇ ಬಂತು.

"ಯಾರ್ದೋ ಕಣ್ಣು ಬಿದ್ದೈತೆ," ಎಂದು ಪಕ್ಕದ ಮನೆಯ ಬೋರಕ್ಕ ತೀರ್ಪು ಕೊಟ್ಟಳು. ಹುಚ್ಚಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿದರು, ಲ್ಯಾಪ್‌ಟಾಪೊಂದು ಕೆಮ್ಮಲಿಲ್ಲ. ಆಮೇಲೆ ಅದರ ಹೊಟ್ಟೆ ಮುಟ್ಟಿ ನೋಡಿ, "ಅಯ್ಯೋ ಶಿವನೇ, ಮೈ ಸುಡ್ತೈತಲ್ಲೇ! ಇದಕ್ಕೆ ಜ್ವರ ಬಂದೈತೆ," ಎಂದಳು. ಮೇಜಿನ ಮೇಲೆ ಅದರಡಿ ಹಾಸಿದ್ದ ಕರಿ ಕಂಬಳಿಯ ತುದಿಯನ್ನೇ ಎಳೆದು, ಮಗುವಿಗೆ ಹೊದಿಸಿದ ಹಾಗೆ ಹೊದಿಸಿದಳು. ಸರಿತಾಳಿಗೆ ಆ ಸಂಕಟದಲ್ಲೂ ನಗು ತಡೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಮತ್ತೆ ಚಳ್ಳಕೆರೆ. "ಇವತ್ತು ಬಿಚ್ಚಿ ನೋಡೋ ಮಾರಾಯ, ನಿಂಗೆ ಕೈ ಮುಗೀತೀನಿ," ಎಂದಳು. ಬಾಲರಾಜು ತಳದ ತಿರುಪು ಬಿಚ್ಚಿ ಫ್ಯಾನಿನ ಬಾಯಿಗೆ ಚಿಮಟ ಹಾಕಿದ. ಕರಿಯ ಉಣ್ಣೆಯ ಉಂಡೆಯೊಂದು ಈಚೆ ಬಂತು.

"ಏನಕ್ಕ ಇದು? ಲ್ಯಾಪ್‌ಟಾಪ್‌ನ ಕುರಿ ಬೆನ್ನ ಮೇಲಿಟ್ಕೊಂಡು ಕೆಲಸ ಮಾಡ್ತೀರಾ?"

ಸರಿತಾ ಆ ಉಂಡೆಯನ್ನು ಬೆರಳಲ್ಲಿ ಹೊಸಕಿದಳು. ಕಂಬಳಿ! ಆ ದಪ್ಪ ಕಂಬಳಿ ಕೆಳಗಿನ ಗಾಳಿಕಿಂಡಿಯನ್ನೆಲ್ಲ ಮುಚ್ಚಿ, ಸಾಲದ್ದಕ್ಕೆ ಎಳೆ ಎಳೆಯಾಗಿ ಒಳಗೂ ಹೋಗಿ ಕೂತಿತ್ತು. ಅಂಗಡಿಯ ಗಾಜಿನ ಮೇಲೆ ಚೆನ್ನಾಗಿದ್ದದ್ದು ಮನೆಯಲ್ಲಿ ಕಾದು ಕಾದು ಉಸಿರುಕಟ್ಟುತ್ತಿತ್ತು. ಹತ್ತು ದಿನದ ಕೆಳಗೆ ಆ ಕಂಬಳಿ ಮೇಜಿಗೆ ಬಂದಾಗ, ಧೂಳಿಗೇನೋ ಹಾಸಿದ್ದಾರೆ ಎಂದುಕೊಂಡು ಅವಳು ಸುಮ್ಮನಿದ್ದಳು. ಬಸ್ಸಿನಲ್ಲಿ ಕೂತವಳ ಮೈ ಉರಿಯಿತು. ಇವತ್ತು ಅತ್ತೆಯನ್ನು ಸುಮ್ಮನೆ ಬಿಡಬಾರದು!

ಮನೆಗೆ ಬಂದರೆ ಹುಚ್ಚಕ್ಕ ಅದೇ ಕಂಬಳಿಯನ್ನು ಕೊಡವಿ, ಬಿಸಿಲಿಗೆ ಹಾಕಿ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿಟ್ಟು ಕಾಯುತ್ತಿದ್ದಳು. ಸರಿತಾ ಉಣ್ಣೆಯ ಉಂಡೆಯನ್ನು ಅತ್ತೆಯ ಅಂಗೈಗೆ ಹಾಕಿದಳು.

"ನೋಡ್ರಿ ಅತ್ತೆ, ನಿಮ್ಮ ಕಂಬಳೀನೇ ಅದರ ಉಸುರು ಕಟ್ಸಿರೋದು! ಯಾರು ಹಾಸು ಅಂದ್ರು ನಿಮಗೆ?"

ಹುಚ್ಚಕ್ಕನ ಮುಖ ಇಳಿದುಹೋಯಿತು. ಉಂಡೆಯನ್ನೇ ತಿರುವಿ ತಿರುವಿ ನೋಡಿದಳು.

"ನಮ್ಮನೇಲಿ ದೇವರನ್ನೂ ಕಂಬಳಿ ಮ್ಯಾಲೇ ಇಡೋದು ಕಣವ್ವ. ಮದುವ್ಯಾಗೆ ನಿನ್ನ ಕುಂಡ್ರಿಸಿದ್ದೂ ಇದೇ ಕಂಬಳಿ ಮ್ಯಾಲೆ. ಆ ಸೀರೆ ಸಾವ್ಕಾರ್ರು ನಿಂದೇ ಬಿಡ್ಸು ಅಂದ್ರು ಅಂತ ಕುಣ್ಕಂತ ಬಂದ್ಯಲ್ಲ, ಅವತ್ತೇ ಹಾಸಿದ್ದು. ಅನ್ನ ಕೊಡೋ ಸಾಮಾನ್ನ ಬರೇ ಹಲಗೆ ಮ್ಯಾಲೆ ಇಡಾಕೆ ನಂಗೆ ಮನಸ್ಸು ಬರಲಿಲ್ಲ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಸರಿತಾಳ ಗಂಟಲಲ್ಲೇ ಕರಗಿಹೋಯಿತು. ಅಯ್ಯೋ, ತನ್ನ ಕೆಲಸಕ್ಕೆ ಈ ಮುದುಕಿ ಗದ್ದುಗೆಯನ್ನೇ ಹಾಕಿಟ್ಟಿದ್ದಳಲ್ಲ! ಅವಳ ಕಣ್ಣು ತುಂಬಿಬಂತು. ಹುಚ್ಚಕ್ಕ ಕಂಬಳಿ ಮಡಚತೊಡಗಿದ್ದಳು. ಸರಿತಾ ಅವಳ ಕೈ ಹಿಡಿದಳು.

"ತೆಗೀಬ್ಯಾಡ್ರಿ ಅತ್ತೆ. ಇರ್ಲಿ."

"ಇದ್ರೆ ಉಸುರು ಕಟ್ತೈತೆ ಅಂದ್ಯಲ್ಲೇ?" ಎಂದ ಹುಚ್ಚಕ್ಕ ತಟ್ಟನೆ ಹಣೆ ಚಚ್ಚಿಕೊಂಡಳು. "ಥೂ, ನನ್ನ ಬುದ್ಧಿಗಿಷ್ಟು! ನಿನ್ನೇನು ಬರೇ ಕಂಬಳಿ ಮ್ಯಾಲೆ ಕುಂಡ್ರಿಸಿದ್ವಾ? ಮ್ಯಾಲೆ ಮಣೆ ಇತ್ತು. ಮಣೆ ಹಾಕೋದೇ ಮರ್ತಿದ್ನಲ್ಲೇ!"

ಅಟ್ಟದಿಂದ ಮದುವೆಯ ಮಣೆ ಇಳಿಯಿತು. ಕಂಬಳಿಯ ಮೇಲೆ ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪು. ಗಟ್ಟಿ ಮಣೆ ಕಿಂಡಿ ಮುಚ್ಚಲಿಲ್ಲ, ಕೆಳಗೆ ಗಾಳಿ ಸರಾಗವಾಗಿ ಆಡಿತು. ಸರಿತಾ ಊಟವನ್ನೂ ಮರೆತು ಕೂತಳು. ಕೊಂಬುಗಳು ಅಂಚು ತುಂಬಿದವು, ತೆನೆಗಳು ಒಡಲು ತುಂಬಿದವು. ಫ್ಯಾನು ಒಮ್ಮೆಯೂ ಒದರಲಿಲ್ಲ. ಹೊತ್ತು ಮುಳುಗುವ ಮುಂಚೆ ಚಿತ್ರ ಪೂರ್ತಿಯಾಗಿ ಮೊಳಕಾಲ್ಮೂರು ತಲುಪಿತು.

ದೀಪ ಹಚ್ಚುವ ಹೊತ್ತಿಗೆ ಓಂಕಾರಮೂರ್ತಿಯ ಫೋನು ಬಂತು. "ಬಾಗುಂದಮ್ಮಾ, ಭಾಳ ಚೆನ್ನಾಗೈತೆ! ಕೊಂಬು ನೋಡಿ ನಮ್ಮ ನೇಯೋರೇ ಖುಷಿಯಾಗವ್ರೆ. ಸೋಮವಾರ ಮಗ್ಗಕ್ಕೇರಿಸ್ತೀವಿ." ಸರಿತಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ಫೋನು ಕೈಯಲ್ಲಿ ಹಿಡಿದುಕೊಂಡೇ ಅತ್ತೆಗೆ ಹೇಳಿದಳು.

ಹುಚ್ಚಕ್ಕ ಹೂಂ ಅಂದಳು, ಅಷ್ಟೇ. ಲ್ಯಾಪ್‌ಟಾಪಿನ ಬೆನ್ನ ಮೇಲೆ ಕೈಯಿಟ್ಟು, "ಜ್ವರ ಬಿಟ್ಟೈತೆ," ಎಂದಳು. ಟೀ ತಂದಿಟ್ಟು ಜಗುಲಿಗೆ ನಡೆದಳು. ಅಲ್ಲಿ ಬೋರಕ್ಕ ಏರುದನಿಯಲ್ಲಿ ಏನನ್ನೋ ಹೇಳತೊಡಗಿದ್ದಳು.

"ಶ್! ಮೆತ್ತಗೆ ಮಾತಾಡೇ," ಎಂದು ಹುಚ್ಚಕ್ಕ ಬೀದಿಗೆಲ್ಲ ಕೇಳುವಂತೆ ಗದರುವುದು ಒಳಗೆ ಕೂತ ಸರಿತಾಳಿಗೆ ಕೇಳಿಸಿತು. "ನಮ್ಮ ಸೊಸೆ ಕೆಲಸದಾಗವ್ಳೆ."