ಗೌಂಡಿ ಆರಿಸಿದ ದುರ್ಬೀನು

ಸವದತ್ತಿಯ ಬಸ್ ಕಂಡಕ್ಟರ್ ಸಂಘಮಿತ್ರಾಳಿಗೆ ಹೋದ ವರ್ಷದ ಅವಮಾನ ಇನ್ನೂ ಮರೆತಿರಲಿಲ್ಲ. ಮಲಪ್ರಭೆಯ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಒಂದರ ಕೊರಳಿಗೆ ಹಸಿರು ಪಟ್ಟಿ ಇದ್ದದ್ದನ್ನು ಕಂಡಿದ್ದಳು. ದೂರದೇಶದ ತಜ್ಞರು ತೊಡಿಸುವ ಪಟ್ಟಿ ಅದು. ಮೇಲಿನ ನಂಬರು ಓದಿದರೆ ಹಕ್ಕಿ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಹಳೆಯ ದುರ್ಬೀನಿನಲ್ಲಿ ಕಣ್ಣು ಕಿರಿದು ಮಾಡಿ 'ಎನ್ 47' ಎಂದು ಓದಿ, ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಅಂಥ ನಂಬರೇ ಇಲ್ಲವೆಂದು ಉತ್ತರ ಬಂತು. "ಟಿಕೆಟ್ ಹರದಂಗ ನಂಬರ್ ಹರದಾರ ನಮ್ಮ ಕಂಡಕ್ಟರ್ ಮೇಡಂ," ಎಂದು ಗುಂಪಿನ ಹಿರಿಯ, ರಾಮದುರ್ಗದ ಸುನೀಲ ಮಾಸ್ತರರು ಬರೆದರು. ಎಲ್ಲರೂ ನಕ್ಕರು. ದಿನಕ್ಕೆ ನೂರಾರು ಟಿಕೆಟ್ ತಪ್ಪಿಲ್ಲದೆ ಕೊಡುವವಳನ್ನು ಸುಳ್ಳುಗಾತಿ ಮಾಡಿದರೆ ಸಿಟ್ಟು ಬರದೆ ಇರುತ್ತದೆಯೇ?

ಈ ವರ್ಷ ಹಸಿರು ಪಟ್ಟಿ ಮತ್ತೆ ಬಂದಿತ್ತು. ಸಂಘಮಿತ್ರಾ ಹತ್ತು ಸಾವಿರ ಕೂಡಿಸಿಕೊಂಡು, ಅಪ್ಪ ಪರಪ್ಪನ ಜೊತೆ ಬೈಲಹೊಂಗಲದ ಬಸ್ ಸ್ಟ್ಯಾಂಡ್ ಎದುರಿನ ಮಡಿವಾಳೆಪ್ಪನ ಕ್ಯಾಮೆರಾ ಅಂಗಡಿಗೆ ಹೋದಳು. ಪರಪ್ಪ ನಲವತ್ತು ವರ್ಷ ಗೌಂಡಿಯಾಗಿ ಗೋಡೆ ಕಟ್ಟಿದವನು. ಅಳತೆ ಟೇಪಿನ ಅಂಕಿ ಬಿಟ್ಟರೆ ಇಂಗ್ಲಿಷಿನ ಒಂದಕ್ಷರ ಬಾರದು, ಆದರೆ ಕೂದಲೆಳೆಯಷ್ಟು ವಾಲಿದ ಗೋಡೆಯೂ ಅವನ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ.

ಮಡಿವಾಳೆಪ್ಪ ಎರಡು ಸ್ಪಾಟಿಂಗ್ ಸ್ಕೋಪು, ಅಂದರೆ ಒಂದೇ ಕಣ್ಣಿಟ್ಟು ನೋಡುವ ದುರ್ಬೀನು, ತೆಗೆದಿಟ್ಟ. ಒಂದು ಮೊಳದುದ್ದದ್ದು, ಎಪ್ಪತ್ತೈದು ಪಟ್ಟು ದೊಡ್ಡದಾಗಿ ತೋರಿಸುವಂಥದು. ಇನ್ನೊಂದು ಗೇಣುದ್ದದ ಗಿಡ್ಡ, ಬರೀ ಮೂವತ್ತು ಪಟ್ಟು. ಬೆಲೆ ಹೆಚ್ಚುಕಡಿಮೆ ಒಂದೇ.

"ಎಪ್ಪತ್ತೈದು ಎಲ್ಲಿ, ಮೂವತ್ತು ಎಲ್ಲಿ! ದೊಡ್ಡದ ಒಯ್ರಿ ಅಕ್ಕಾರ."

ಸಂಘಮಿತ್ರಾ ದೊಡ್ಡದನ್ನು ಹೊರಗೆ ತಂದು, ಸ್ಟ್ಯಾಂಡಿನ ಆ ತುದಿಯ ಬಸ್ಸಿಗೆ ಹಿಡಿದು, "ರಾಮದುರ್ಗ, ಕಟಕೋಳ ಮ್ಯಾಲೆ ಹೋಗೂದು," ಎಂದು ಸರಾಗವಾಗಿ ಓದಿದಳು.

"ಓದಲಿಲ್ಲ ನೀ, ಬಾಯಿಪಾಠ ಒಪ್ಪಿಸಿದಿ," ಎಂದ ಪರಪ್ಪ. "ಆ ಬೋರ್ಡು ಕಣ್ಣ ಮುಚ್ಚಿದ್ರೂ ನಿನಗ ಗೊತ್ತೈತಿ. ಅದರ ಹಿಂದ ಹೊಸಾ ಗ್ವಾಡಿ ಏಳಾಕ ಹತ್ತೈತಿ ನೋಡು, ಅದರ ಇಟ್ಟಂಗಿ ಸಾಲು ಎಣಸು."

ಸಂಘಮಿತ್ರಾ ನಾಲಿಗೆ ಕಚ್ಚಿಕೊಂಡಳು. ದೊಡ್ಡದರಲ್ಲಿ ಮಧ್ಯಾಹ್ನದ ಝಳಕ್ಕೆ ಗೋಡೆ ನೀರೊಳಗಿದ್ದಂತೆ ಅಲುಗುತ್ತಿತ್ತು. ಇಟ್ಟಂಗಿಯೂ ಸಿಮೆಂಟೂ ಒಂದೇ ಮಬ್ಬು. ಗಿಡ್ಡದರಲ್ಲಿ ಗೋಡೆ ಸಣ್ಣದಾಗಿ ಕಂಡರೂ ಪ್ರತಿ ಸಾಲೂ ಬಿಡಿಬಿಡಿಯಾಗಿತ್ತು.

"ಹದಿನಾಲ್ಕು ಸಾಲು ಅಪ್ಪಾ! ಮ್ಯಾಲಿಂದು ಒಂದು ಒಡದೈತಿ."

ಪರಪ್ಪನೂ ಕಣ್ಣಿಟ್ಟು ನೋಡಿದ. "ಒಂಬತ್ತನೇ ಸಾಲು ಇಳದೈತಿ. ಯಾವ ಗೌಂಡಿ ಕಟ್ಯಾನೋ ಇದನ್ನ! ಈ ಗಿಡ್ಡದ ಇರಲಿ, ಇದನ್ನ ತಗೋ ಯವ್ವಾ."

ಭಾನುವಾರ ಬೆಳಿಗ್ಗೆ ಇಬ್ಬರೂ ಹಿನ್ನೀರಿನ ದಂಡೆಯಲ್ಲಿ ಕೂತರು. ಅರ್ಧ ಗಂಟೆಯಲ್ಲಿ ಹಸಿರು ಪಟ್ಟಿ ಸಿಕ್ಕಿತು. ಸಂಘಮಿತ್ರಾ ಸ್ಕೋಪಿಗೆ ಕಣ್ಣಿಟ್ಟಳು. ಮೊದಲು 'ಎನ್' ಎನಿಸಿತು. ಕಣ್ಣೊರೆಸಿ ನೋಡಿದಳು, ಅಲ್ಲ ಎನಿಸಿತು. ವರ್ಷವಿಡೀ ಅದನ್ನೇ ಜಪಿಸಿದ ತಲೆ, ಬಸ್ಸಿನ ಬೋರ್ಡಿನ ಹಾಗೆ ಬಾಯಿಪಾಠ ಒಪ್ಪಿಸುತ್ತಿದ್ದರೆ? ತನ್ನ ಕಣ್ಣನ್ನೇ ನಂಬಲಾಗದೆ ಅವಳು ಪಕ್ಕಕ್ಕೆ ಸರಿದಳು.

"ಅಪ್ಪಾ, ಪಟ್ಟಿ ಮ್ಯಾಲೆ ಕಂಡದ್ದನ್ನ ಕಂಡಂಗ ಕೆಸರಿನ್ಯಾಗ ಬರಿ. ನಾ ಏನೂ ಹೇಳಾಂಗಿಲ್ಲ."

ಪರಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಕಡ್ಡಿ ಹಿಡಿದು ಕೆಸರಿನಲ್ಲಿ ಎರಡು ನೆಟ್ಟನೆಯ ಗೆರೆ ಎಳೆದ. "ಎರಡು ಕಂಬ. ನಡಕ ಒಂದ ಅಡ್ಡ ತೊಲಿ. ತೊಲಿ ಲೆವೆಲ್ ಐತಿ, ಕೂದಲಷ್ಟೂ ವಾಲಿಲ್ಲ. ಬಾಜೂಕ ನಲವತ್ತೇಳು."

ಎಚ್ 47! 'ಎನ್' ಆಗಿದ್ದರೆ ಆ ತೊಲೆ ಓರೆಯಾಗಿರಬೇಕಿತ್ತು. ಇಂಗ್ಲಿಷ್ ಅಕ್ಷರವೇ ಬಾರದವನು ಅಂದಾಜಿನಿಂದ ಬರೆದನೆಂದು ಯಾರು ಹೇಳಿಯಾರು? ಕೆಸರಿನ ಚಿತ್ರದ ಫೋಟೋ ತೆಗೆದು, ಯಾರು ಬರೆದದ್ದೆಂದೂ ತಿಳಿಸಿ ಗುಂಪಿಗೆ ಕಳಿಸಿದಳು.

ಸಂಜೆಗೆ ಸುನೀಲ ಮಾಸ್ತರರ ಉತ್ತರ ಬಂತು. "ಎಚ್ 47 ಖರೇ ಐತ್ರಿ. ಮಂಗೋಲಿಯಾದ ಹಕ್ಕಿ. ಹೋದ ವರ್ಷ ನೀವು ಕಂಡಿದ್ದೂ ಇದ ಇರಬೇಕು. ನಕ್ಕಿದ್ದು ನಂದ ತಪ್ಪಾತ್ರಿ ಮೇಡಂ. ಮುಂದಿನ ಐತ್ವಾರ ಬರತೇನಿ, ನಿಮ್ಮ ದುರ್ಬೀನಿನ್ಯಾಗ ಒಮ್ಮೆ ನೋಡಾಕ ಕೊಡ್ತೀರೇನ್ರಿ?"

ಸಂಘಮಿತ್ರಾ ಖುಷಿಗೆ ಮನೆಯೆಲ್ಲ ಕೇಳುವಂತೆ ನಕ್ಕಳು. ಅಪ್ಪನಿಗೆ ಎರಡು ಸಲ ಓದಿ ಹೇಳಿ, ಉತ್ತರ ಬರೆದಳು: "ಬರ್ರಿ ಸರ್, ಪಾಳಿ ಹಚ್ಚಿ ಎಲ್ಲಾರಿಗೂ ಕೊಡತೇನಿ. ಮೊದಲನೇ ಸೀಟು ಮಾತ್ರ ನಮ್ಮ ಅಪ್ಪಂದು."