ಒಂದೇ ಸಾಲಿನಲ್ಲಿ ದಾಟಿದ ವರ್ಷಗಳು

ತಾನು ಬರೆದ ಕಾದಂಬರಿ ಅಚ್ಚಾಗಿ ಬಂದಾಗ ಅಣ್ಣ ಮೊದಲ ಪ್ರತಿಯನ್ನು ತಂಗಿಯ ಕೈಗೇ ಕೊಟ್ಟಿದ್ದ. ಬೀದಿ ಬದಿಯ ಪುಟ್ಟ ಅಂಗಡಿಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಅವಳೇನೂ ಪುಸ್ತಕದ ಹುಳುವಲ್ಲ. ಆದರೂ ಇದನ್ನು ಹಿಡಿದವಳು ಕೆಳಗಿಡಲಿಲ್ಲ. ಅದರಲ್ಲಿದ್ದದ್ದು ಅವಳ ಮಗಳೇ, ಶಾಲೆಗೆ ಸೇರುವ ಮೊದಲೇ ಜ್ವರ ಬಂದು ತೀರಿಕೊಂಡವಳು.

ಭಾನುವಾರ ಅಣ್ಣ ಬಂದ. ಸ್ಟೂಲ್ ಎಳೆದುಕೊಂಡು ಕೂತು, ಅದೂ ಇದೂ ಮಾತಾಡಿ, ಕಡೆಗೆ ಬಾಯಿಬಿಟ್ಟ.

"ಹೆಂಗಿದೆ? ಮುಲಾಜಿಲ್ಲದೆ ಹೇಳು."

ಅವಳು ಮಷೀನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಮಗು ಚೆನ್ನಾಗಿ ಬಂದಿದೆ ಕಣೋ. ಚಪ್ಪಲಿ ಅದಲುಬದಲು ಹಾಕ್ಕೊಂಡು, ನಂಗೆ ಹಿಂಗೇ ಇಷ್ಟ ಅಂತಾಳಲ್ಲ, ಅಲ್ಲಿ ಒಬ್ಬಳೇ ಕೂತು ನಕ್ಕುಬಿಟ್ಟೆ. ಆಸ್ಪತ್ರೆ ವರಾಂಡಾನೂ ಸರಿಯಾಗಿದೆ. ಅಲ್ಲಿ ನೀನು ಜಾಸ್ತಿ ಮಾತಾಡಿಲ್ಲ."

ಅಣ್ಣನ ಮುಖ ಅರಳಿತು. "ಸರಿ, ತಪ್ಪು ಹೇಳು ಈಗ."

"ಆ ಡಾಕ್ಟರು ಪುಟಗಟ್ಟಲೆ ಭಾಷಣ ಬಿಗೀತಾರೆ. ಅವತ್ತು ನಮ್ಮ ಜತೆ ಯಾವ ಡಾಕ್ಟರು ಅಷ್ಟು ಮಾತಾಡಿದ್ರು?"

ಇಬ್ಬರೂ ನಕ್ಕರು. ಆಮೇಲೆ ಅವಳು ಕೊನೆಯ ಭಾಗ ತೆರೆದಳು.

"ಇಲ್ಲಿ, ವರ್ಷಗಳು ಉರುಳಿದವು ಅಂದಿದೀಯ. ಮುಂದಿನ ಸಾಲಿಗೇ ಆ ತಾಯಿ ಕಿಟಕಿ ತೆಗೆದು ಹಾಡ್ತಾ ನಿಂತಿದಾಳೆ. ಮಧ್ಯೆ ಏನಾಯ್ತು?"

"ಎಲ್ಲಾನೂ ಬರೆಯಕ್ಕಾಗಲ್ಲ ಕಣೆ. ಓದೋರಿಗೆ ಸ್ವಲ್ಪ ಭರವಸೆ ಬೇಕು."

"ನಾನೂ ಓದೋಳೇ ಅಲ್ವೇನೋ? ಅವಳು ಹೆಂಗೆ ಸರಿಹೋದ್ಲು ಅಂತ ಎಲ್ಲಾದ್ರೂ ಬರೆದಿರ್ತೀಯ ಅಂತ ಹಾಳೆ ತಿರುವಿದೆ, ಹಿಂದಕ್ಕೂ ಮುಂದಕ್ಕೂ. ನಂಗೆ ಬೇಕಾಗಿದ್ದು ಅದೊಂದೇ."

"ನೀನು ಸುಧಾರಿಸ್ಕೊಂಡಿದೀಯ ಅಂದ್ಕೊಂಡಿದ್ದೆ. ನೋಡಿದ್ದನ್ನೇ ಬರೆದೆ."

"ನೀನು ನೋಡಿದ್ದು ಗಿರಾಕಿಗಳ ಮುಂದೆ ನಗೋ ನನ್ನನ್ನ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ಲಿ, ಗೊತ್ತಿದ್ರೆ ಈಗಲಾದ್ರೂ ಹೇಳು. ಹೆಂಗೆ?"

ಅವನು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದ. "ಗೊತ್ತಿಲ್ಲ ಕಣೆ."

ತನಗೆ ಕಾಣದ ದಾರಿ ಬರೆಯುವ ಅಣ್ಣನಿಗೆ ಕಂಡಿರಬಹುದು ಎಂದು, ಓದಿದ ಆ ವಾರವೆಲ್ಲ ಅವಳೊಳಗೆ ಸಣ್ಣದೊಂದು ಆಸೆ ಮಿಣಮಿಣ ಅನ್ನುತ್ತಿತ್ತು. ಅದೂ ಆರಿತು.

ಮುಂದಿನ ಮುದ್ರಣದಲ್ಲಿ ಆ ಭಾಗ ಕಿತ್ತುಹಾಕುತ್ತೇನೆ ಎಂದು ಅಣ್ಣ ಎದ್ದುಹೋದ. ಸಂಜೆಗೆ ಕೊಡಬೇಕಾಗಿದ್ದ ಅಂಗಿ ಸೂಜಿಯ ಕೆಳಗೆ ಅರ್ಧಕ್ಕೇ ನಿಂತಿತ್ತು. ಗಿರಾಕಿ ಬಂದು ರೇಗಾಡಿದಾಗ, ನಾಳೆ ಖಂಡಿತ ಕೊಡ್ತೀನಿ ಎಂದು ನಕ್ಕಳು.